ಕ್ವಾರಿ ಕಾಯುವ ಶಾಲಿನಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಸಂತಪುರದ ನಮ್ಮ ಬೀದಿಗೆಲ್ಲ ಗೊತ್ತು. ಗೊತ್ತಿರಲಿ ಬಿಡಿ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆಗೆದರೆ ಯಾರಿಗಾದರೂ ಸಿಟ್ಟು ಬಂದೇ ಬರುತ್ತದೆ. ಹಾಲು, ಮೊಸರು, ದೋಸೆ ಹಿಟ್ಟು ಇರಬೇಕಾದ ಜಾಗದಲ್ಲಿ ಸಾಲಾಗಿ ಬಾಟಲಿಗಳು, ಬಾಟಲಿ ತುಂಬ ಕ್ವಾರಿ ನೀರು! ಇದು ನನ್ನ ಓರಗಿತ್ತಿ ಶಾಲಿನಿಯ ಕಾರುಬಾರು.

ಹೋದ ಬೇಸಿಗೆಯಲ್ಲಿ ನನ್ನ ಗಂಡ ರಾಮಯ್ಯ ಬಿಸಿಲಿನಿಂದ ಬಂದವರು ಒಂದು ಬಾಟಲಿ ಎತ್ತಿ ಗಟಗಟ ಕುಡಿದುಬಿಟ್ಟರು. ಕುಡಿದು ಬಾಯಿ ಒರೆಸಿಕೊಂಡು, "ಇದೇನೇ ಹಂಸಾ, ನೀರು ಒಂಥರಾ ಕಲ್ಲಿನ ವಾಸ್ನೆ," ಎಂದರು. ಶಾಲಿನಿ ಬಂದು ಖಾಲಿ ಬಾಟಲಿ ನೋಡಿದಳು, ಅಳುವುದೊಂದು ಬಾಕಿ. ಅವಳಿಗೆ ಭಾವನ ಹೊಟ್ಟೆಯ ಚಿಂತೆಯಲ್ಲ, ಪರೀಕ್ಷೆಗೆಂದು ಇಟ್ಟ ಸ್ಯಾಂಪಲ್ ಹೋಯಿತಲ್ಲ ಎಂಬ ಚಿಂತೆ. ಇವರಿಗೆ ಏನೂ ಆಗಲಿಲ್ಲ. ಆದರೂ ಎರಡು ದಿನ ಹೊಟ್ಟೆ ಹಿಡಿದುಕೊಂಡು ಸೋಫಾ ಬಿಟ್ಟು ಏಳಲಿಲ್ಲ.

ಶಾಲಿನಿ ಗೊಟ್ಟಿಗೆರೆಯ ಹುಡುಗಿ. ನನ್ನ ಮೈದುನನ ಕೈ ಹಿಡಿದು ಈ ಮನೆಗೆ ಬಂದಾಗ ಅವಳ ಬಾಯಲ್ಲಿ ಮಾತೇ ಇರಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಊಹೂಂ. ಪಿಯುಸಿಯಲ್ಲಿ ಸೈನ್ಸ್ ಓದಿದ್ದಳು, ಮುಂದೆ ಓದಿಸುವವರಿರಲಿಲ್ಲ. ಮದುವೆಯಾದ ಮೇಲೆ ನಮ್ಮ ಮನೆಯ ಕೆಳಗಿನ ಪುಟ್ಟ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುವುದು, ಕುಚ್ಚು ಕಟ್ಟುವುದು ಶುರು ಮಾಡಿದಳು. ಅವಳು ಕಟ್ಟಿದ ಕುಚ್ಚು ಸೀರೆ ಹರಿದರೂ ಬಿಚ್ಚುವುದಿಲ್ಲ. ಈಗ ಚಿಕ್ಕಲಸಂದ್ರದಿಂದ ಕೂಡ ಹೆಂಗಸರು ಸೀರೆ ಹೊತ್ತು ತರುತ್ತಾರೆ.

ನಮ್ಮ ಬೀದಿಯ ಹಿಂದೆ ಇರುವುದೇ ಆ ಕ್ವಾರಿ. ಕಲ್ಲು ತೆಗೆಯುವುದು ನಿಂತು ಎಷ್ಟೋ ಕಾಲವಾಯಿತು. ಒಂದು ಕಡೆ ಎದೆಯೆತ್ತರಿಸಿ ನಿಂತ ಬಂಡೆ, ಉಳಿದ ಕಡೆ ಇಳಿಜಾರು, ನಡುವೆ ಕಡು ಹಸಿರು ನೀರು. ನನ್ನ ಲೆಕ್ಕದಲ್ಲಿ ಅದು ಸೊಳ್ಳೆ ಗುಂಡಿ. ಮಕ್ಕಳು ಆ ಕಡೆ ಹೋದರೆ ಕಾಲು ಮುರಿಯುತ್ತೇನೆ ಎಂದು ಹೆದರಿಸಿ ಬೆಳೆಸಿದವಳು ನಾನು. ಶಾಲಿನಿ ಮಾತ್ರ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗಲೆಲ್ಲ ಅದನ್ನೇ ನೋಡುತ್ತ ನಿಂತಿರುತ್ತಿದ್ದಳು. ಬಟ್ಟೆ ಕೈಯಲ್ಲೇ ಒಣಗುತ್ತಿತ್ತು.

ಮೂರು ವರ್ಷದ ಹಿಂದೆ ಜಯನಗರದ ಚಕ್ರಪಾಣಿ ಎಂಬವರು ಒಂದಷ್ಟು ಜನರನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ಕೆರೆ, ಕುಂಟೆ, ಕ್ವಾರಿಗಳ ನೀರು ಹೇಗಿದೆ, ಅಲ್ಲಿ ಏನೇನು ಬದುಕಿದೆ ಎಂದು ವಾರವಾರ ನೋಡಿ ಹೇಳುವ ಬಳಗ ಅವರದು. ಹತ್ತಿರದ ಮನೆಯವರು ಯಾರಾದರೂ ಈ ಕ್ವಾರಿ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಹಿಂದಿನಿಂದ ಶಾಲಿನಿ ಕೈ ಎತ್ತಿದಳು. ನಾನು ಮೊಣಕೈಯಲ್ಲಿ ತಿವಿದೆ. ಅವಳು ಕೈ ಇಳಿಸಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವಳ ಶನಿವಾರದ ವ್ರತ! ಆಳ ಅಳೆಯುವ ಹಗ್ಗಕ್ಕೆ ಮೀಟರಿಗೊಂದು ಬಣ್ಣದ ರೇಷ್ಮೆ ಕುಚ್ಚು ಕಟ್ಟಿದ್ದಾಳೆ. ಕೆಂಪು ಕುಚ್ಚು ಮುಳುಗಿದರೆ ಇಷ್ಟು, ಗಿಳಿಹಸಿರು ಮುಳುಗಿದರೆ ಅಷ್ಟು. ನನ್ನ ತವರಿನ ಸ್ಟೀಲ್ ತಟ್ಟೆಯೊಂದಕ್ಕೆ ಕಪ್ಪು ಬಿಳಿ ಬಣ್ಣ ಬಳಿದು, ಹಗ್ಗ ಕಟ್ಟಿ ನೀರಿಗೆ ಇಳಿಬಿಡುತ್ತಾಳೆ. ತಟ್ಟೆ ಎಷ್ಟು ಆಳಕ್ಕೆ ಹೋದ ಮೇಲೆ ಕಣ್ಣಿಗೆ ಕಾಣುವುದಿಲ್ಲವೋ ನೀರು ಅಷ್ಟು ತಿಳಿಯಂತೆ. ಕೊನೆಗೆ ಬಳಗದವರು ಕೊಟ್ಟ ಕಾಗದದ ಪಟ್ಟಿಯನ್ನು ನೀರಿಗೆ ಅದ್ದುತ್ತಾಳೆ. ಹಸಿರಿಗೆ ತಿರುಗಿದರೆ ಕ್ಷೇಮ, ಕಡುನೀಲಿಗೆ ತಿರುಗಿದರೆ ಏನೋ ಎಡವಟ್ಟು. ಆಮೇಲೆ ಬಂಡೆಯ ಮೇಲೆ ಕೂತು ಮಿಂಚುಳ್ಳಿ, ನೀರುಕಾಗೆ, ಆಮೆ, ಕೆರೆಹಾವು ಎಂದು ಕಂಡದ್ದನ್ನೆಲ್ಲ ಫೋನಿನಲ್ಲಿ ಬಳಗಕ್ಕೆ ಹೇಳುತ್ತಾಳೆ. ಆಗ ಅವಳ ಬಾಯಿ ಕೇಳಬೇಕು! ಮನೆಯಲ್ಲಿ ಹೂಂ, ಊಹೂಂ ಎನ್ನುವವಳು ಅಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ.

ಈ ಸಲದ ಗೌರಿ ಹಬ್ಬಕ್ಕೆ ಇನ್ನು ಕೆಲವು ವಾರಗಳಿದ್ದಾಗ ಅವಳು ಮೆಟ್ಟಿಲು ಹಾರಿಕೊಂಡು ಅಡುಗೆಮನೆಗೆ ನುಗ್ಗಿದಳು.

"ಅಕ್ಕಾ! ಗುಳುಮುಳುಕ ಗೂಡು ಕಟ್ಟಿದೆ! ನಮ್ ಕ್ವಾರೀಲಿ! ಮೊಟ್ಟೆ ಇಟ್ಟಿದೆ ಅಕ್ಕಾ!"

"ಅಯ್ಯೋ ನಿನ್ನ! ಸಾರು ಚೆಲ್ಲಿತಲ್ಲೇ. ಏನದು ಗುಳುಗುಳು?"

ಗುಳುಮುಳುಕ ಎಂದರೆ ಬಾತುಕೋಳಿಗಿಂತ ಎಷ್ಟೋ ಚಿಕ್ಕದಾದ, ಉರುಟು ಮೈಯ ನೀರುಹಕ್ಕಿ. ಕಣ್ಣೆದುರಿಗೇ ಮುಳುಗಿ ಇನ್ನೆಲ್ಲೋ ಏಳುತ್ತದೆ. ಅದರ ಗೂಡು ನೀರಿನ ಮೇಲೆ ತೇಲುವ ಪಾಚಿಯ ಗುಡ್ಡೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಕಳೆ ಎಳೆದು ಮುಚ್ಚಿ ಹೋಗುತ್ತದೆ, ಕಂಡವರು ಕಸ ಎಂದುಕೊಳ್ಳಬೇಕು. ಮೂರು ವರ್ಷ ಕಾದ ಮೇಲೆ ಮೊದಲ ಸಲ ಒಂದು ಜೋಡಿ ಇಲ್ಲಿ ಸಂಸಾರ ಹೂಡಿತ್ತು. ಕ್ವಾರಿಯ ಜೊಂಡಿನ ಮೂಲೆಯಲ್ಲಿ ನಾಲ್ಕು ಮೊಟ್ಟೆ. ಶಾಲಿನಿಗೆ ಊಟ ನಿದ್ದೆ ಮರೆತುಹೋಯಿತು. ತಾನು ಬಸುರಿಯಾಗಿದ್ದಾಗಲೂ ಅವಳು ಇಷ್ಟು ಸಂಭ್ರಮಪಟ್ಟಿರಲಿಲ್ಲ ಎಂದು ಅವಳ ಮುಖಕ್ಕೇ ಹೇಳಿದೆ. ನಕ್ಕಳು.

ಹಬ್ಬದ ಹಿಂದಿನ ಶನಿವಾರ ನಗು ಮಾಯ. ನೀರಿನ ಬಣ್ಣ ಬಿಳಿಚಿಕೊಂಡಿದೆ, ಸಣ್ಣ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ ಎಂದಳು. ಕಾಗದದ ಪಟ್ಟಿ ಕಡುನೀಲಿಗೆ ತಿರುಗಿತ್ತಂತೆ. ಚಕ್ರಪಾಣಿಯವರಿಗೆ ಫೋನ್ ಮಾಡಿದರೆ, ಪಟ್ಟಿ ಮಳೆಗೆ ನೆಂದು ಕೆಟ್ಟಿರಬಹುದು, ಹಬ್ಬ ಮುಗಿಯುತ್ತಿದ್ದಂತೆ ಹೊಸದು ತರುತ್ತೇನೆ, ಆಮೇಲೆ ನೋಡೋಣ ಎಂದರಂತೆ. ಅವಳ ಹತ್ತಿರ ಇದ್ದದ್ದು ಅದೇ ಕೊನೆಯ ಪಟ್ಟಿ.

"ಅಷ್ಟರೊಳಗೆ ಮೊಟ್ಟೆ ಒಡೆಯುತ್ತೆ ಅಕ್ಕಾ. ಮರಿಗೆ ಹುಳ, ಮೀನು ಬೇಕು. ನೀರು ಸತ್ತರೆ ಅವೇನು ತಿಂತವೆ?" ಎಂದಳು. ಅವಳ ತುಟಿ ನಡುಗುತ್ತಿತ್ತು. ಅದನ್ನು ನೋಡಿ ನನಗೂ ಪಾಪ ಎನಿಸಿತು. ಆದರೆ ಮನೆ ತುಂಬ ಹಬ್ಬದ ಕೆಲಸ, ಮೇಲಾಗಿ ಪಕ್ಕದ ಸೈಟಿನಲ್ಲಿ ನಮ್ಮದೇ ಹೊಸ ಕಟ್ಟಡ ಏಳುತ್ತಿತ್ತು. ಬಾಡಿಗೆ ಮನೆಗಳು. ಹಬ್ಬದ ದಿನವೇ ಮೇಲಿನ ತಾರಸಿಯ ಮೋಲ್ಡ್ ಹಾಕಿಸಲು ಇವರು ಮುಹೂರ್ತ ಇಡಿಸಿಕೊಂಡು ಬಂದಿದ್ದರು. ಕೆಲಸದವರಿಗೆ ಪುಳಿಯೋಗರೆ, ಹೋಳಿಗೆ ಎಂದು ನನಗೆ ಕೈಗೆ ಬಿಡುವಿರಲಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ನಮ್ಮಲ್ಲಿ ಗಂಗೆ ತರುವ ಪದ್ಧತಿಯಿದೆ. ಮುತ್ತೈದೆಯರು ಕಲಶ ಹಿಡಿದು ನೀರಿನ ದಡಕ್ಕೆ ಹೋಗಿ, ಗಂಗೆಗೆ ಪೂಜೆ ಮಾಡಿ, ನೀರು ತುಂಬಿಕೊಂಡು ಬಂದ ಮೇಲೆಯೇ ಮನೆಯಲ್ಲಿ ಗೌರಮ್ಮನಿಗೆ ಆರತಿ. ಹಿಂದೆ ಊರಬಾವಿ ಇತ್ತು, ಅದರ ಮೇಲೆ ಈಗ ಅಂಗಡಿ ಸಾಲು. ನಲ್ಲಿ ನೀರು ಹಿಡಿದರೆ ಸಾಲದೇ ಎಂದರೆ ನಮ್ಮ ಅತ್ತೆ ಮುನಿವೆಂಕಟಮ್ಮ ಒಪ್ಪುವವರಲ್ಲ. ಆಕಾಶ ಕಾಣುವ ನೀರೇ ಬೇಕು. ಹಾಗಾಗಿ ಕ್ವಾರಿಯೇ ಗತಿ. ಬೀದಿಯ ಹೆಂಗಸರೆಲ್ಲ ಹೊಸ ಸೀರೆ ಸರಬರ ಮಾಡಿಕೊಂಡು, ಅತ್ತೆಯನ್ನು ಮುಂದೆ ಬಿಟ್ಟುಕೊಂಡು ಇಳಿಜಾರು ಇಳಿದೆವು.

ಅತ್ತೆ ಕಲಶ ಮುಳುಗಿಸಿ ನೀರು ತುಂಬಿದರು. ನಾನು ಒಂದು ಚಿಟಿಕೆ ಅರಿಶಿನ ಹಾಕಿದೆ.

ನೀರು ಕೆಂಪಾಯಿತು!

ಪಕ್ಕದ ಮನೆಯ ಸೌಮ್ಯ ತನ್ನ ಕಲಶಕ್ಕೂ ಅರಿಶಿನ ಹಾಕಿದಳು. ಅದೂ ಕೆಂಪು. ಇನ್ನೊಬ್ಬಳು ಹಾಕಿದಳು, ಕೆಂಪು. ಒಬ್ಬಳು ಪವಾಡ ಎಂದು ಕೈ ಮುಗಿದಳು, ಇನ್ನೊಬ್ಬಳು ಫೋನ್ ತೆಗೆದು ವಿಡಿಯೋ ಶುರು ಮಾಡಿದಳು. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಯ್ಯೋ ನನ್ನವ್ವಾ, ತಾಯಿ ಮುನ್ಸ್ಕಂಡವ್ಳೆ ಕಣ್ರವ್ವಾ! ಏನ್ ತಪ್ಪಾಯ್ತೋ!"

ಎಲ್ಲರೂ ಗದ್ದಲವೆಬ್ಬಿಸುತ್ತಿರುವಾಗ ಶಾಲಿನಿ ಒಬ್ಬಳು ಕಲಶದೊಳಗೆ ಕಣ್ಣು ನೆಟ್ಟು ನಿಂತಿದ್ದಳು. ತಲೆ ಎತ್ತಿದಾಗ ಅವಳ ಕಣ್ಣು ಹೊಳೆಯುತ್ತಿತ್ತು.

"ಅಕ್ಕಾ, ಆರತಿ ನೀರು ಹೆಂಗೆ ಮಾಡ್ತೀರ?"

"ಹೊತ್ತು ಗೊತ್ತು ಇಲ್ವೇನೇ ನಿನಗೆ? ಅರಿಶಿನ ಕದಡ್ತೀನಿ, ಚೂರು ಸುಣ್ಣ ಹಾಕ್ತೀನಿ, ಕೆಂಪಾಗುತ್ತೆ."

"ಇವತ್ತು ಅರಿಶಿನ ನೀವು ಹಾಕಿದ್ರಿ. ಸುಣ್ಣ ಯಾರು ಹಾಕಿದ್ರು?"

ಹೌದಲ್ಲ! ಮದುವೆ, ಬಾಣಂತನ, ಹಬ್ಬ ಎಂದು ಜೀವಮಾನವೆಲ್ಲ ಆರತಿ ನೀರು ಕದಡಿದ ಕೈಗಳು ನಮ್ಮವು. ಒಬ್ಬರಿಗೂ ಹೊಳೆಯಲಿಲ್ಲ!

"ಪಟ್ಟಿ ಕೆಟ್ಟಿರಲಿಲ್ಲ ಅಕ್ಕಾ, ನೀರೇ ಕೆಟ್ಟಿರೋದು! ಸುಣ್ಣದ ಗುಣ ಸಿಮೆಂಟಿಗೂ ಇದೆ. ಯಾರೋ ಇಲ್ಲಿಗೆ ಸಿಮೆಂಟ್ ನೀರು ಬಿಡ್ತಾ ಇದಾರೆ!" ಎಂದು ಶಾಲಿನಿ ಕೂಗಿದಳು. ಅಷ್ಟು ಜನರ ನಡುವೆ ಅವಳು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವಳ ಮಾತು ಮುಗಿದಿರಲಿಲ್ಲ, ಬಂಡೆಯ ಆಚೆ ತಿರುವಿನಲ್ಲಿ ಗಾಡಿಯೊಂದು ಗೊರಗೊರ ಸದ್ದು ಮಾಡಿತು. ಸೀರೆ ಎತ್ತಿ ಕಟ್ಟಿಕೊಂಡು ಎಲ್ಲರೂ ಓಡಿದೆವು. ನೋಡಿದರೆ, ಹಳೆಯ ಕಲ್ಲುಗಾಡಿ ದಾರಿಯಲ್ಲಿ ಕಾಂಕ್ರೀಟ್ ಕಲಸಿ ತರುವ ರೆಡಿಮಿಕ್ಸ್ ಲಾರಿ ನೀರಿಗೆ ಬೆನ್ನು ಮಾಡಿ ನಿಂತಿದೆ, ಡ್ರೈವರ್ ಪೈಪ್ ಹಿಡಿದು ಡ್ರಮ್ ತೊಳೆಯಲು ಸಜ್ಜಾಗುತ್ತಿದ್ದಾನೆ. ಕೆಳಗೆ ದಡದ ಕಲ್ಲುಗಳಿಗೆಲ್ಲ ಬೂದುಬಣ್ಣದ ಸಿಮೆಂಟ್ ಹೆಪ್ಪುಗಟ್ಟಿದೆ. ವಾರದ ದಿನಗಳಲ್ಲಿ ಶಾಲಿನಿ ಅಂಗಡಿಯಲ್ಲಿ ಇರುವಾಗ ನಡೆದ ಕೆಲಸ ಇದು!

ನನ್ನ ನೆತ್ತಿಗೆ ರಕ್ತ ಏರಿತು. "ನಿಲ್ಸೋ ಪೈಪು! ಯಾವನೋ ನೀನು? ನಿಮ್ಮಪ್ಪನ ಆಸ್ತಿನಾ ಇದು?"

ಹತ್ತಾರು ಹೆಂಗಸರು ಜರಿ ಸೀರೆಯಲ್ಲಿ, ಕೈಯಲ್ಲಿ ಕಲಶ ಹಿಡಿದು ಮೇಲೆ ಬೀಳುವಂತೆ ಬಂದದ್ದು ಕಂಡು ಆತ ಪೈಪ್ ಕೈಬಿಟ್ಟ. ಚನ್ನವೀರ ಎಂದು ಹೆಸರು, ಗದಗದ ಕಡೆಯವನಂತೆ. ಕೈ ಮುಗಿದು ನಿಂತ.

"ಯಕ್ಕಾರ, ಸಿಟ್ಟಾಗಬ್ಯಾಡ್ರಿ. ಡ್ರಮ್ ತೊಳೀಲಿಲ್ಲಂದ್ರ ಒಳಗ ಕಲ್ಲಾಗಿಬಿಡ್ತೈತ್ರಿ. ಇಲ್ಲೇ ತೊಳಕೋ ಅಂತ ಓನರ್ ಹೇಳ್ಯಾರ್ರಿ."

"ಯಾವನವನು ಓನರ್? ಹೆಸರು ಬೊಗಳು. ಇವತ್ತು ಅವನಿಗೆ ಐತೆ!"

"ರಾಮಯ್ಯ ಸಾಹೇಬ್ರು ರೀ. ಇಲ್ಲೇ, ಮೋಲ್ಡ್ ನಡದೈತಲ್ರೀ."

ಬೀದಿಯ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಭೂಮಿ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಹೋಗುತ್ತಿದ್ದೆ. ಕೆಲವು ವಾರಗಳಿಂದ ಏಳುತ್ತಿದ್ದ ನನ್ನ ಕಟ್ಟಡ, ನಾನೇ ಹಠ ಹಿಡಿದು ಕಟ್ಟಿಸುತ್ತಿದ್ದ ಕಟ್ಟಡ! ಅದರ ಕಂಬಕ್ಕೆ, ಮೋಲ್ಡಿಗೆ ಬಂದ ಲಾರಿಗಳೆಲ್ಲ ಇಲ್ಲಿಗೆ ಬಂದು ಮೈ ತೊಳೆದುಕೊಂಡಿವೆ.

ಶಾಲಿನಿಯ ಮುಖ ಬಿಳಿಚಿಕೊಂಡಿತು. ಅವಳಿಗೆ ಭಾವ ಎಂದರೆ ಭಯ, ಮನೆಯ ಯಜಮಾನರಲ್ಲವೇ. ಅಷ್ಟು ಹೊತ್ತು ಕೂಗಾಡಿದವಳು ತಲೆ ತಗ್ಗಿಸಿ ನನ್ನ ಕೈ ಹಿಡಿದಳು.

"ಬಿಡಿ ಅಕ್ಕಾ. ಹಬ್ಬದ ದಿನ ಬೇಡ. ಮನೇಲಿ ಹೇಳೋಣ."

ಆ ಮಾತಿಗೆ ನನಗೆ ಬಂದ ಸಿಟ್ಟು ಚನ್ನವೀರನ ಮೇಲೂ ಬಂದಿರಲಿಲ್ಲ. ಮೂರು ವರ್ಷ ಬಿಸಿಲು ಮಳೆ ಎನ್ನದೆ ಈ ನೀರು ಕಾದವಳು, ನಮ್ಮ ಮನೆಯ ಯಜಮಾನರ ಮುಲಾಜಿಗೆ ಬಾಯಿ ಮುಚ್ಚಿಕೊಳ್ಳಬೇಕೇ? ಲಾರಿಯ ಮುಂದಿನ ಕಲ್ಲಿನ ಮೇಲೆ ಹೊಸ ಸೀರೆಯಲ್ಲೇ ಕೂತೆ. ಅತ್ತೆಯೂ ಪಕ್ಕದಲ್ಲಿ ಕೂತರು. ಫೋನ್ ತೆಗೆದು ಸ್ಪೀಕರ್ ಹಾಕಿದೆ.

"ರೀ, ಎಲ್ಲಿದ್ದೀರ?"

"ಮೋಲ್ಡ್ ಹತ್ರ ಕಣೇ. ಒಂದು ಗಾಡಿ ತೊಳ್ಕೊಂಡ್ ಬರ್ತೀನಿ ಅಂತ ಹೋದೋನು ಪತ್ತೇನೇ ಇಲ್ಲ."

"ಗಾಡಿ ಕ್ವಾರೀಲಿದೆ. ನಾನು ಅದರ ಮುಂದೆ ಕೂತಿದೀನಿ. ಇಲ್ಲಿ ಅರಿಶಿನ ಹಾಕಿದ್ರೆ ಗಂಗೆ ಕೆಂಪಾಗ್ತಾ ಇದಾಳೆ, ನೀವು ಬಿಡಿಸಿದ ಸಿಮೆಂಟ್ ನೀರಿಗೆ!"

ಇವರು ದನಿ ತಗ್ಗಿಸಿದರು. "ಲೇ, ಹಬ್ಬದ ದಿನ ಮಾನ ಕಳೀಬೇಡ ಕಣೇ. ಖಾಲಿ ಗುಂಡಿ ಅದು. ಅದ್ರಲ್ಲಿ ಏನಿದೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋನ್ ಕಿತ್ತುಕೊಂಡರು.

"ಲೇ ರಾಮಾ! ಗಂಗಮ್ಮನ ಬಾಯ್ಗೆ ಸಿಮೆಂಟ್ ಹುಯ್ತೀಯೇನ್ಲಾ? ಅಲ್ಲಿ ಬಸ್ರಿ ಬಾಣಂತಿ ಹಕ್ಕಿ ಅದೆಯಂತೆ ಕಣ್ಲಾ, ಪಾಪಿ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಚನ್ನವೀರ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಡ್ರಮ್ಮಿಗೆ ಕಿವಿ ಕೊಟ್ಟು, "ಯಕ್ಕಾರ, ಗಟ್ಟಿ ಆಗಾಕತ್ತೈತ್ರಿ, ನನ್ನ ಕೆಲಸ ಹೋಗ್ತದ," ಎಂದು ಗೋಗರೆದ. ಅವನದೂ ತಪ್ಪಲ್ಲ, ಹೇಳಿದ ಕಡೆ ತೊಳೆಯುತ್ತಿದ್ದವನು. ಆಗ ಶಾಲಿನಿ ಮುಂದೆ ಬಂದು ಅತ್ತೆಯ ಕೈಯಿಂದ ಫೋನ್ ತೆಗೆದುಕೊಂಡಳು. ಧ್ವನಿ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ.

"ಭಾವ, ನಾನು ಶಾಲಿನಿ. ಸೈಟ್ ಮೂಲೇಲಿ ಒಂದು ಗುಂಡಿ ತೋಡಿ, ಟಾರ್ಪಾಲ್ ಹಾಸಿ. ಅಲ್ಲೇ ತೊಳೀಲಿ. ಕೆಳಗೆ ಕೂತ ಸಿಮೆಂಟ್ ಗಟ್ಟಿಯಾದ್ಮೇಲೆ ಒಡೆದು ಪಾಯಕ್ಕೆ ತುಂಬಬಹುದು. ಇಲ್ಲಿ ಮಾತ್ರ ಬೇಡ ಭಾವ. ನಾನು ಬಿಡಲ್ಲ."

"ತೋಡೋಕೆ ಆಳೆಲ್ಲಮ್ಮ? ಎಲ್ಲರೂ ಮೋಲ್ಡ್ ಮೇಲವ್ರೆ."

"ನೀವಿದ್ದೀರಲ್ಲ!" ಎಂದು ನಾನು ಕಿರುಚಿದೆ.

ಲಾರಿ ತೊಳೆಯದೆ ಹೊರಟಿತು. ಹೆಂಗಸರು ಯುದ್ಧ ಗೆದ್ದವರಂತೆ ಕೂಗಿದರು, ಶಿಳ್ಳೆ ಹಾಕಿದವರು ಯಾರು ಎಂದು ನನಗೆ ಗೊತ್ತಿದೆ, ಹೇಳುವುದಿಲ್ಲ. ಶಾಲಿನಿ ಮಾತ್ರ ಜೊಂಡಿನ ಮೂಲೆಯತ್ತಲೇ ನೋಡುತ್ತಿದ್ದಳು. ವಿಷ ಅಲ್ಲಿಯವರೆಗೂ ಹೋಗಿದೆಯೋ ಇಲ್ಲವೋ? ಪಟ್ಟಿಯಂತೂ ಮುಗಿದಿತ್ತು.

"ಅರಿಶಿನ ಇದೆಯಲ್ಲೇ!" ಎಂದೆ. ಅವಳು ನನ್ನನ್ನು ತಬ್ಬಿಕೊಂಡುಬಿಟ್ಟಳು.

ಹೊರಟೆವು ನೋಡಿ, ದಡದುದ್ದಕ್ಕೂ ಮೆರವಣಿಗೆ! ಹತ್ತು ಹೆಜ್ಜೆಗೊಬ್ಬಳು ಬಗ್ಗಿ ಕಲಶ ಮುಳುಗಿಸುವುದು, ನಾನು ಚಿಟಿಕೆ ಅರಿಶಿನ ಹಾಕುವುದು, ಎಲ್ಲರೂ ತಲೆಗೆ ತಲೆ ಕೊಟ್ಟು ನೋಡುವುದು. ಮೊದಲು ಕೆಂಪು. ಮತ್ತೆ ಕೆಂಪು. ತಿರುವು ದಾಟಿದ ಮೇಲೆ ಇಟ್ಟಿಗೆ ಬಣ್ಣ. ಸೌಮ್ಯ ಓಡಿ ಮುಂದಿನ ಕಲ್ಲಿನ ಹತ್ತಿರ ತುಂಬಿದಳು, ಕಿತ್ತಳೆ! "ಕಮ್ಮಿ ಆಗ್ತಿದೆ, ಕಮ್ಮಿ ಆಗ್ತಿದೆ!" ಎಂದು ಅವಳು ಕುಣಿದಾಡಿದಳು. ಅವಸರದಲ್ಲಿ ಅರ್ಧ ಅರಿಶಿನ ನನ್ನ ಸೀರೆಗೇ ಬಿತ್ತು. ಇಷ್ಟು ವರ್ಷ ಆ ನೀರಿನ ಕಡೆ ತಿರುಗಿಯೂ ನೋಡದ ನಾನು, ಅಂದು ಮನಸ್ಸಿನಲ್ಲೇ ದೇವರಿಗೆ ಬೈದು, ಬೇಡಿ, ಮತ್ತೆ ಬೈದು ನಡೆಯುತ್ತಿದ್ದೆ.

ಕೊನೆಗೆ ಜೊಂಡಿನ ಮೂಲೆಗೆ ಬಂದೆವು. ಶಾಲಿನಿ ತಾನೇ ಕಲಶ ಮುಳುಗಿಸಿದಳು. ಕಣ್ಣು ಮುಚ್ಚಿಕೊಂಡು ನನ್ನ ಮುಂದೆ ಹಿಡಿದಳು.

"ನೀವು ನೋಡಿ ಹೇಳಿ ಅಕ್ಕಾ. ನನ್ ಕೈಲಾಗಲ್ಲ."

ಅರಿಶಿನ ಹಾಕಿದೆ. ಸುತ್ತಿತು, ಹರಡಿತು, ನಿಂತಿತು. ಇನ್ನೂ ಸ್ವಲ್ಪ ಕಾದೆ.

"ಹಳದಿ ಕಣೇ ಶಾಲೂ! ಅಪ್ಪಟ ಹಳದಿ!"

ನಮ್ಮ ಕೂಗಿಗೆ ಜೊಂಡಿನೊಳಗಿಂದ ಹಕ್ಕಿಯೊಂದು ಸರ್ರನೆ ಹೊರಗೆ ಈಜಿತು. ಶಾಲಿನಿ ಎಲ್ಲರ ಬಾಯಿ ಮುಚ್ಚಿಸಿದಳು. ಹಕ್ಕಿ ಅಲ್ಲೇ ಒಂದು ಸುತ್ತು ಹಾಕಿತು. ಅದರ ಬೆನ್ನಿನ ರೆಕ್ಕೆ ಸಂದಿಯಿಂದ ಪಟ್ಟೆ ಪಟ್ಟೆಯ ಪುಟ್ಟ ತಲೆಯೊಂದು ಇಣುಕಿತು. ಆಮೇಲೆ ಇನ್ನೊಂದು. ಜೊತೆಯ ಹಕ್ಕಿ ಮುಳುಗಿ ಎದ್ದು, ಕೊಕ್ಕಿನಲ್ಲಿ ಒದ್ದಾಡುವ ಹುಳುವನ್ನು ತಂದು ಮೊದಲ ತಲೆಯ ಬಾಯಿಗೆ ಇಟ್ಟಿತು. ನನ್ನ ಕಣ್ಣು ಮಂಜಾಯಿತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಗಂಗೆಯನ್ನು ಈ ಮೂಲೆಯಿಂದಲೇ ತುಂಬಿರಿ ಎಂದು ಎಲ್ಲರಿಗೂ ಅಪ್ಪಣೆ ಕೊಟ್ಟರು.

ಕಲಶ ಹೊತ್ತು ಮನೆಗೆ ಬಂದಾಗ ಬಾಗಿಲಲ್ಲಿ ಇವರು ನಿಂತಿದ್ದರು. ರೇಷ್ಮೆ ಪಂಚೆ ಮಂಡಿಯ ತನಕ ಕೆಸರು, ಅಂಗೈ ತುಂಬ ಬೊಬ್ಬೆ. ಸೈಟಿನ ಮೂಲೆಯಲ್ಲಿ ಗುಂಡಿ ತೋಡಿ, ಟಾರ್ಪಾಲ್ ಹಾಸಿ, ಲಾರಿ ತೊಳೆಸಿ ಬಂದಿದ್ದರು. ನಾನು ಮಂಗಳಾರತಿ ಎತ್ತಲು ಬಾಯಿ ತೆರೆದೆ. ಇವರು ನನ್ನ ಕಡೆ ನೋಡಲೇ ಇಲ್ಲ. ಶಾಲಿನಿಯ ಮುಂದೆ ಬಂದು, ಆ ಕೆಸರುಗೈಯನ್ನು ಪಂಚೆಗೆ ಒರೆಸಿಕೊಂಡು ನಿಂತರು.

"ಮರಿ ಬಂತೇನಮ್ಮ?"

"ಎರಡು ಬಂದಿದೆ ಭಾವ. ಇನ್ನೆರಡು ಮೊಟ್ಟೆ ಇದೆ."

ಇವರು ಕ್ವಾರಿಯ ಕಡೆ ಕೈ ತೋರಿದರು. "ನಾಳೆ ಬೆಳಿಗ್ಗೆ ಮರಿ ನೋಡೋಕೆ ಹೋಗ್ತೀಯಲ್ಲ, ನನ್ನೂ ಎಬ್ಬಿಸು. ಆ ದಡದ ಸಿಮೆಂಟ್ ಹೆಪ್ಪು ನಾನೇ ಒಡೆದು ತೆಗೀಬೇಕು."

ಶಾಲಿನಿ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. "ಆರಕ್ಕೆಲ್ಲ ರೆಡಿ ಇರಿ ಭಾವ. ಹಾರೆ ತನ್ನಿ. ಗೂಡಿನ ಕಡೆ ಸದ್ದು ಮಾಡಬಾರ್ದು," ಎಂದಳು, ಮನೆಯ ಯಜಮಾನರಿಗೆ ಕ್ವಾರಿಯ ಯಜಮಾನಿ ಹೇಳುವ ಧಾಟಿಯಲ್ಲಿ. ಇವರು ತಲೆಯಾಡಿಸಿ ಒಳಗೆ ದಾರಿ ಬಿಟ್ಟರು.